ಹೆಬ್ಬಾಳದ ದಾರಿಯಲ್ಲಿ ಪಾಠದ ಪೆಟ್ಟಿಗೆ

ತುಮಕೂರಿನಲ್ಲಿ ಬೆಳಗಿನ ಪ್ಯಾಸೆಂಜರ್ ಹತ್ತಿದ ನಾವು ಯಶವಂತಪುರದಲ್ಲಿ ಇಳಿದಾಗ ಬಿಸಿಲು ಏರುತ್ತಿತ್ತು. ನಾವು ಎಂದರೆ ನಮ್ಮ ಕಾಲೇಜಿನ ಗಣಿತದ ಪ್ರೊಫೆಸರ್ ನಂಜುಂಡಯ್ಯನವರು ಮತ್ತು ಅವರ ಕೈಕೆಳಗೆ ಪಾಠ ಹೇಳುತ್ತಿದ್ದ ನಾನು. ಜೊತೆಗೆ ಜಮಖಾನದಲ್ಲಿ ಸುತ್ತಿದ ಒಂದು ಮರದ ಪೆಟ್ಟಿಗೆ. ಎಂಜಿನ್ನಿನ ಮಸಿ ತಾಗದಿರಲೆಂದು ಅವರು ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೇ ಇಟ್ಟುಕೊಂಡಿದ್ದರು.

ಮೈಲಿಗಳು ಆಗಷ್ಟೇ ಕಿಲೋಮೀಟರ್ ಆಗುತ್ತಿದ್ದ ಕಾಲ ಅದು. ಹೆಬ್ಬಾಳದ ದಾರಿಯ ಒಂದು ಕಾಲೇಜಿಗೆ ಒಂದೂವರೆ ರೂಪಾಯಿಗೆ ಜಟಕಾ ಗೊತ್ತುಮಾಡಿದೆವು.

"ಇಂಗ್ ಇಡಿ ಸ್ವಾಮಿ," ಎಂದ ಜಟಕಾದವನು. "ಆರ್ಮೋನಿಯಮ್ಮಾ? ನಾಟ್ಕ ಎಲ್ಲಿ?"

"ಲೆಕ್ಕ ಹೇಳಿಕೊಡೋ ಪೆಟ್ಟಿಗೆ ಕಣಪ್ಪ," ಎಂದೆ.

"ಅಂಗಾರೆ ಮೇಷ್ಟ್ರು ಏನ್ ಮಾಡ್ತಾರೆ?"

ನಂಜುಂಡಯ್ಯನವರು ನಕ್ಕರು, ಮಾತಾಡಲಿಲ್ಲ. ಆ ದಿನಕ್ಕೆ ಮಾತು ಉಳಿಸಿಕೊಳ್ಳುತ್ತಿದ್ದರು. ಗಂಟಲ ರೋಗ ಎರಡು ವರ್ಷದಿಂದ ಅವರ ಧ್ವನಿಯನ್ನು ತಿನ್ನುತ್ತ ಬಂದು ಈಗ ಪಿಸುಮಾತಷ್ಟೇ ಉಳಿದಿತ್ತು. ಪೆಟ್ಟಿಗೆ ಹುಟ್ಟಿದ್ದೇ ಅದರಿಂದ. ಗಾಜಿನ ಹಿಂದೆ ಒಂದು ಪ್ರಶ್ನೆ, ಕೆಳಗೆ ನಾಲ್ಕು ಉತ್ತರ, ನಾಲ್ಕು ಗುಂಡಿ. ಯಾವುದನ್ನು ಒತ್ತಿದರೂ ಆ ಉತ್ತರಕ್ಕೆ ತಕ್ಕ ಚೀಟಿ ಕಿಂಡಿಯಲ್ಲಿ ಬೀಳುತ್ತಿತ್ತು. ಪ್ರಶ್ನೆಗಳು ನಾವಿಬ್ಬರೂ ಕೂತು ಮಾಡಿದವು, ಚೀಟಿಗಳೆಲ್ಲ ಅವರವೇ. ಒಂದು ಕಾಲೇಜಾದರೂ ಇದನ್ನು ಒಪ್ಪಿದರೆ, ಪಾಠ ಮಾಡಲಾಗದಿದ್ದರೂ ಇಂಥವನ್ನು ಬರೆಯಲು ಅವರನ್ನು ಕೆಲಸದಲ್ಲಿ ಉಳಿಸಿಕೊಳ್ಳುತ್ತೇವೆಂದು ನಮ್ಮ ಆಡಳಿತದವರು ಹೇಳಿದ್ದರು.

ಮತ್ತಿಕೆರೆ ದಾಟಿದ ಮೇಲೆ ರಾಗಿಹೊಲ, ನಡುನಡುವೆ ದ್ರಾಕ್ಷಿಯ ಚಪ್ಪರ. ಒಂದು ಗುಡಿಸಲು ಹೋಟೆಲಿನಲ್ಲಿ ಇಡ್ಲಿ ತಿಂದೆವು. ಅವರು ಚಟ್ನಿ ಮುಟ್ಟದೆ ಇಡ್ಲಿಯನ್ನು ಹಾಲಿನಲ್ಲಿ ಕಿವುಚಿಕೊಂಡು ನಿಧಾನವಾಗಿ ನುಂಗಿದರು.

ಕಾಲೇಜಿನಲ್ಲಿ ಪ್ರಿನ್ಸಿಪಾಲರು ಮೊದಲ ವರ್ಷದ ಬಿ.ಎಸ್ಸಿ. ತರಗತಿಯನ್ನೇ ಕೂರಿಸಿದ್ದರು. ಪ್ರಶ್ನೆ ಇಷ್ಟು: x ಎರಡನ್ನು ಸಮೀಪಿಸಿದರೆ (x² − 4)/(x − 2) ಯಾವುದನ್ನು ಸಮೀಪಿಸುತ್ತದೆ? ಮೊದಲ ಹುಡುಗ ಸೊನ್ನೆ ಎಂದು ಒತ್ತಿದ. ಚೀಟಿ ಬಿತ್ತು. ಗಟ್ಟಿಯಾಗಿ ಓದಿದ: "ನೇರವಾಗಿ ಎರಡರ ಮೇಲೇ ಹೋಗಿ ಕೂತೆಯಾ? ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಹತ್ತಿರ ಹೋಗು ಅಂದರೆ ಹತ್ತಿರ ಹೋಗಬೇಕು ಕಣಯ್ಯ!"

ತರಗತಿ ಘೊಳ್ಳೆಂದಿತು. ಅದು ನಂಜುಂಡಯ್ಯನವರ ಹಳೆಯ ಗದರಿಕೆ. ನಾನು ಅವರ ವಿದ್ಯಾರ್ಥಿಯಾಗಿದ್ದಾಗ ಕೇಳಿದ್ದೇ. ಆಮೇಲೆ ಹುಡುಗರು ಸರಿಯುತ್ತರ ಗೊತ್ತಿದ್ದೂ ಬೈಗುಳ ಓದುವ ಆಸೆಗೆ ಬೇಕೆಂದೇ ತಪ್ಪು ಗುಂಡಿ ಒತ್ತತೊಡಗಿದರು. ಪ್ರಿನ್ಸಿಪಾಲರ ಮುಖ ಬಿಗಿಯಿತು. ನಂಜುಂಡಯ್ಯನವರು ಮಾತ್ರ ಕಣ್ಣುಮುಚ್ಚಿ, ತಮ್ಮ ಮಾತು ಬೇರೆಯವರ ಬಾಯಲ್ಲಿ ಬರುವುದನ್ನು ಕೇಳುತ್ತಿದ್ದರು.

ಕೊನೆಗೆ ಬಂದವಳು ಜಯಮ್ಮ, ಚಿಕ್ಕಜಾಲದಿಂದ ಬಸ್ಸಿನಲ್ಲಿ ಬಂದು ಓದುವ ಹುಡುಗಿ. ನಾಲ್ಕು ಗುಂಡಿಗಳನ್ನೂ ನೋಡಿ ಕೈ ಹಿಂದಕ್ಕೆ ಎಳೆದುಕೊಂಡಳು.

"ಸಾರ್, ನನ್ ತಪ್ಪು ಇದ್ರಲ್ಲಿ ಇಲ್ಲ."

ಮತ್ತೆ ನಗು. ನಂಜುಂಡಯ್ಯನವರು ಎದ್ದು ಹತ್ತಿರ ಬಂದರು. "ಯಾವ ತಪ್ಪಮ್ಮ? ಹೇಳು."

"ಉತ್ತರ ನಾಲ್ಕು ಅಂತ ಗೊತ್ತು ಸಾರ್. ಮೇಲೆ ಕೆಳಗೆ x − 2 ಹೊಡೆದುಹಾಕಿದ್ರೆ ಬರುತ್ತೆ. ಆದ್ರೆ ಸೊನ್ನೆಯಿಂದ ಭಾಗಿಸಬಾರ್ದು ಅಂತೀರಿ. x ಎರಡಾದ್ರೆ ಅದೂ ಸೊನ್ನೇನೇ ಅಲ್ವಾ? ಹೆಂಗ್ ಹೊಡೆದ್ಹಾಕೋದು?"

ನಗು ನಿಂತಿತು. ಅವರು ಬಾಯಿ ತೆರೆದರು, ಗಾಳಿ ಮಾತ್ರ ಬಂತು. ಸೀಮೆಸುಣ್ಣ ತೆಗೆದುಕೊಂಡು ಬೋರ್ಡಿನ ಮೇಲೆ 1.9 ಬರೆದರು, ಬೆಲೆ ಕಟ್ಟಿದರು. 1.99 ಬರೆದರು. ಮೂರನೆಯದಕ್ಕೆ ಸೀಮೆಸುಣ್ಣವನ್ನು ಅವಳ ಕೈಗೇ ಕೊಟ್ಟರು. ಅವಳು 1.999 ಬರೆದು, ಬೆಲೆ ಕಟ್ಟಿ, ಮೂರು ಬೆಲೆಗಳನ್ನೂ ಮೇಲಿಂದ ಕೆಳಗೆ ನೋಡಿ ತಿರುಗಿದಳು.

"ಅದು ಎರಡಾಗೋದೇ ಇಲ್ಲ! ಅದಕ್ಕೇ ಹೊಡೆದ್ಹಾಕಬಹುದು!"

ಅವರು ಜೋರಾಗಿ ತಲೆಯಾಡಿಸಿದರು. ಅವರ ಕಣ್ಣು ಒದ್ದೆಯಾಗಿತ್ತು.

ಪ್ರಿನ್ಸಿಪಾಲರು ಕಾಫಿ ತರಿಸಿ ಸೌಜನ್ಯದಿಂದಲೇ ಹೇಳಿದರು: "ತಮಾಷೆಯಾಗಿದೆ. ಆದ್ರೆ ಹುಡುಗರು ತಪ್ಪನ್ನೇ ಹುಡುಕ್ತಾರಲ್ರೀ. ನಮಗೆ ಬೇಡ."

ಸಂಜೆ ಯಶವಂತಪುರದ ಪ್ಲಾಟ್‌ಫಾರಂನಲ್ಲಿ ಗಾಡಿ ಕಾಯುತ್ತ ಕೂತೆವು. ಕೂಲಿಯವರು ಈರುಳ್ಳಿ ಮೂಟೆ ಏರಿಸುತ್ತಿದ್ದರು. ಕಡೆಗೆ ನಾನೇ ಕೇಳಿದೆ: "ಆಡಳಿತದವರಿಗೆ ಏನು ಹೇಳೋಣ ಸಾರ್?"

"ಒಪ್ಪಲಿಲ್ಲ ಅಂತ. ಇನ್ನೇನು ಹೇಳ್ತೀಯಯ್ಯ?" ಪೆಟ್ಟಿಗೆಯ ಮೇಲೆ ಕೈಯಿಟ್ಟು ಪಿಸುಗುಟ್ಟಿದರು: "ಐದನೇ ಗುಂಡಿ ಬೇಕು. ‘ನನ್ನ ತಪ್ಪು ಇದರಲ್ಲಿ ಇಲ್ಲ’ ಅನ್ನೋದಕ್ಕೆ."

"ಅದನ್ನ ಒತ್ತಿದ್ರೆ ಯಾವ ಚೀಟಿ ಬರಬೇಕು?"

ಗಾಡಿ ಬಂತು, ಹತ್ತಿದೆವು. ಚಿಕ್ಕಬಾಣಾವರ ದಾಟಿದ ಮೇಲೆ ನನ್ನ ಕಿವಿಯ ಬಳಿ ಬಾಗಿ ಹೇಳಿದರು: "ನಿನ್ನ ತಪ್ಪನ್ನು ಬರೆದುಕೊಂಡು ನಮ್ಮ ಮನೆಗೆ ಬಾ."

ಆ ಬೇಸಿಗೆಯಲ್ಲಿ ನಮ್ಮ ಕಾಲೇಜು ಅವರನ್ನು ಬೀಳ್ಕೊಟ್ಟಿತು. ಪೆಟ್ಟಿಗೆ ನಮ್ಮ ಗ್ರಂಥಾಲಯದ ಮೂಲೆಯಲ್ಲಿ ಉಳಿಯಿತು, ಐದು ಗುಂಡಿಗಳೊಂದಿಗೆ. ಸಂಜೆ ಅವರ ಮನೆಯ ಮುಂದೆ ಹಾದುಹೋಗುವಾಗಲೆಲ್ಲ ಜಗಲಿಯ ಮೇಲೆ ಒಬ್ಬನಲ್ಲ ಒಬ್ಬ ಹುಡುಗ, ಕೈಯಲ್ಲೊಂದು ಹಾಳೆ ಹಿಡಿದು ಕೂತಿರುತ್ತಿದ್ದ.