ಮಾಕಳಿಗೆ ಹೋದ ಮರದ ಗಾಡಿ

ಉಪೇಂದ್ರನಿಗೆ ಏಟು ತಿಂದು ಅಭ್ಯಾಸವಿತ್ತು, ಕೊಟ್ಟು ಅಭ್ಯಾಸವಿರಲಿಲ್ಲ. ಶಾಲೆಯಲ್ಲಿ ಮೇಷ್ಟ್ರು, ಮನೆಯಲ್ಲಿ ಅಪ್ಪ, ಅಪ್ಪ ಹೋದ ಮೇಲೆ ಪೀಣ್ಯದ ಪಂಪು ಕಾರ್ಖಾನೆಯಲ್ಲಿ ಉಳಿ. ಕಬ್ಬಿಣದ ಎರಕಕ್ಕೆ ಬೇಕಾದ ಮರದ ಅಚ್ಚುಗಳನ್ನು ಕೆತ್ತುವ ಪ್ಯಾಟ್ರನ್ ಶಾಪಿಗೆ ಅವನು ಸೇರಿ ಇನ್ನೂ ಎರಡು ವರ್ಷ; ಎಡಗೈ ಹೆಬ್ಬೆರಳು ನೋಡಿದವರು ಮಾತ್ರ ರಿಟೈರಾಗಲು ಎಷ್ಟು ದಿನ ಉಳಿದಿದೆ ಎಂದು ಕೇಳಬೇಕು, ಹಾಗಿತ್ತು. "ನೀನು ಮರ ಕೆತ್ತಲ್ಲ ಮಗಾ, ಮರಾನೇ ನಿನ್ನ ಕೆತ್ತುತ್ತೆ" ಎಂದು ಪಕ್ಕದ ಬೆಂಚಿನ ಚಿನ್ನಪ್ಪ ನಗುತ್ತಿದ್ದ. ನಕ್ಕು, ಗಾಯಕ್ಕೆ ಬಟ್ಟೆ ಕಟ್ಟುತ್ತಿದ್ದವನೂ ಅವನೇ.

ಇಂಥ ಕುಶಲಕರ್ಮಿ ಅಕ್ಕನ ಮಗನಿಗೆ ಗಾಡಿ ಮಾಡಲು ಹೊರಟ. ಮಗು ಹಿಡಿದು ತಳ್ಳುತ್ತ ನಡೆ ಕಲಿಯುವ ಮೂರು ಚಕ್ರದ ಮರದ ಗಾಡಿ. ಅಕ್ಕ ಸೀತಾಲಕ್ಷ್ಮಿಯನ್ನು ಮಾಕಳಿಗೆ ಕೊಟ್ಟಿತ್ತು. ಆ ಮನೆಯಲ್ಲಿ ಮಗುವಿಗೆ ವರ್ಷ ತುಂಬಿದ ದಿನ ಗಾಡಿ ಸೋದರಮಾವನ ಕೈಯಿಂದಲೇ ಬರಬೇಕು. ಬರದಿದ್ದರೆ ಅತ್ತೆ ಚಿಕ್ಕಮುನಿಯಮ್ಮ ಬೈಯುವವಳಲ್ಲ. ಬಂದವರ ಮುಂದೆಲ್ಲ ಮೆತ್ತಗೆ, "ಅವ್ಳ ತವರಲ್ಲಿ ಯಾರವ್ರೆ ಬುಡಿ" ಅನ್ನುವವಳು. ಬೈಗುಳವಾದರೆ ಒಂದು ದಿನಕ್ಕೆ ಮುಗಿಯುತ್ತದೆ. ಈ ಮಾತು ಸೊಸೆ ಸಾಯುವ ತನಕ ಬಾಳುತ್ತದೆ.

"ಅಂಗಡೀದು ತರಬೇಡ ಕಣೋ," ಅಕ್ಕ ಮೊದಲೇ ಹೇಳಿದ್ದಳು. "ನನ್ನ ತಮ್ಮ ಕೈಯಾರೆ ಮಾಡ್ತಾನೆ ಅಂತ ಹೇಳ್ಬಿಟ್ಟಿದ್ದೀನಿ. ಮಾನ ಕಳೀಬೇಡ."

ಚೌಕಟ್ಟು, ಹಿಡಿ ಎಲ್ಲ ಚಿಕ್ಕಬಾಣಾವರದ ಬಾಡಿಗೆ ಕೋಣೆಯಲ್ಲಿ ಆಯಿತು. ಚಕ್ರಗಳನ್ನು ಮಾತ್ರ ಕಾರ್ಖಾನೆಯ ಲೇತಿನಲ್ಲಿ, ಕಾರ್ಖಾನೆಯ ತೇಗದ ತುಂಡಿನಲ್ಲಿ, ಕಾರ್ಖಾನೆಯ ಹೊತ್ತಿನಲ್ಲಿ ಕಡೆದ. ಮೂರೂ ದುಂಡಗೆ ಬಂದುಬಿಟ್ಟವು. ತನ್ನ ಕೆಲಸವೇ ಎಂದು ಅನುಮಾನ ಬಂದು ಎರಡು ಸಲ ಉರುಳಿಸಿ ನೋಡಿ, ಟೂಲ್ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ. ಮಾರನೆಯ ಬೆಳಿಗ್ಗೆ ಮುಷ್ಕರ ಶುರುವಾಯಿತು.

ಅದು ಎಂಬತ್ತೊಂದರ ಬೇಸಿಗೆ. ಗೇಟಿನ ಮುಂದೆ ಶಾಮಿಯಾನ, ಕೆಂಪು ಬಾವುಟ, ಧಿಕ್ಕಾರ. ಮೊದಮೊದಲು ಗಂಟಲಿಗೆ ಬಿಟ್ಟರೆ ಬೇರೆಲ್ಲಿಗೂ ನೋವಿರಲಿಲ್ಲ. ಆಮೇಲೆ ಒಂದು ದಿನ ಮಾಲೀಕ ವ್ಯಾನಿನಲ್ಲಿ ಹೊರಗಿನ ಆಳುಗಳನ್ನು ತುಂಬಿ ಕಳಿಸಿದ. ತಡೆಯಲು ಹೋದವರ ಮೇಲೆ ವ್ಯಾನಿನಿಂದ ಸೈಕಲ್ ಚೈನುಗಳು ಇಳಿದವು. ಚಿನ್ನಪ್ಪನ ತಮ್ಮ ಸೊಣ್ಣಪ್ಪನ ದವಡೆ ಒಡೆಯಿತು. ಅವನು ರಸ್ತೆಯಲ್ಲಿ ಕೂತು ತನ್ನ ಹಲ್ಲುಗಳನ್ನು ಅಂಗೈಗೆ ಉಗುಳಿಕೊಂಡ. ಉಪೇಂದ್ರನೂ ಒಂದು ಕಲ್ಲು ಬೀಸಿದ. ಅದು ಶಾಮಿಯಾನದ ನೀರಿನ ಮಡಕೆ ಒಡೆಯಿತು.

"ಇನ್ಮೇಲೆ ನಮ್ಮೋರಲ್ಲಿ ಯಾವನಾದ್ರೂ ಒಳಗೆ ಕಾಲಿಟ್ರೆ," ಅಂದು ಸಂಜೆ ಚಿನ್ನಪ್ಪ ಹೇಳಿದ, "ಆ ಕಾಲು ಅಲ್ಲೇ ಇರುತ್ತೆ."

ಮಗುವಿನ ವರ್ಷಕ್ಕೆ ಎರಡೇ ದಿನ ಉಳಿದಿತ್ತು, ಚಕ್ರಗಳು ಇನ್ನೂ ಒಳಗೆ ಪೆಟ್ಟಿಗೆಯಲ್ಲೇ. ಚಿನ್ನಪ್ಪನನ್ನು ಕೇಳಬಹುದಿತ್ತು. ಆದರೆ ತಮ್ಮನಿಗೆ ಗಂಜಿ ಕುಡಿಸಿ ಬಂದು ಕೂತವನ ಹತ್ತಿರ "ಗುರು, ಒಳಗೆ ಒಂದು ಆಟದ ಸಾಮಾನಿದೆ" ಎಂದು ಕೇಳುವುದು ಹೇಗೆ? ಕೇಳಲು ಧೈರ್ಯ ಬೇಕಿತ್ತು. ಕದ್ದು ಹೋಗಲು ಪೆದ್ದುತನ ಸಾಕಿತ್ತು. ಉಪೇಂದ್ರ ತನ್ನಲ್ಲಿದ್ದುದನ್ನು ಬಳಸಿದ. ಮಧ್ಯಾಹ್ನ ಹಿಂದಿನ ಗೇಟಿನ ವಾಚ್‌ಮನ್ ಹನುಮಂತರಾಯಪ್ಪನ ಕೈಕಾಲು ಹಿಡಿದು ಒಳಗೆ ಹೋದ. ಪೆಟ್ಟಿಗೆ ತೆಗೆದು, ಚಕ್ರಗಳನ್ನು ಅಂಗಿಯೊಳಗೆ ಹೊಟ್ಟೆಗೆ ಅವಚಿಕೊಂಡು ಹೊರಗೆ ಬಂದ.

ಹೊರಗೆ ಚಿನ್ನಪ್ಪ ನಿಂತಿದ್ದ. ಅವನ ಹಿಂದೆ ಇನ್ನೂ ನಾಲ್ಕು ಜನ.

"ಎಷ್ಟು ದಿನದಿಂದ ನಡೀತಿದೆಯೋ ಇದು?"

"ಇಲ್ಲ ಗುರು, ನಾನು ಸುಮ್ನೆ..."

ಮೊದಲ ಗುದ್ದು ಬಾಯಿಗೆ ಬಿತ್ತು. ಹಾಗಾಗಿ ಉಳಿದ ಮಾತು ಒಳಗೇ ಹೋಯಿತು. ಎರಡನೆಯದು ಕಣ್ಣಿಗೆ. ಬಿದ್ದ ಮೇಲೆ ಯಾರ ಕಾಲು ಯಾವುದು ಎಂದು ತಿಳಿಯಲಿಲ್ಲ. ಬೆನ್ನು, ಪಕ್ಕೆಲುಬು, ತೊಡೆ, ಎಲ್ಲಕ್ಕೂ ಪಾಲು ಸಿಕ್ಕಿತು. ಅವನು ತಲೆ ಬಿಟ್ಟು ಹೊಟ್ಟೆಯನ್ನೇ ಕೈಯಿಂದ ಕಾಯುತ್ತಿದ್ದ. ತಲೆಯಲ್ಲಿ ಅಂಥದ್ದೇನೂ ಇರಲಿಲ್ಲ.

"ಏನೋ ಬಚ್ಚಿಟ್ಟವ್ನೆ ನೋಡ್ರೋ! ಮಾಲೀಕ ಕೊಟ್ಟಿರೋದು!"

ಚಿನ್ನಪ್ಪ ಅಂಗಿ ಹರಿದ. ಮೂರು ಚಕ್ರಗಳು ಮಣ್ಣಿಗೆ ಬಿದ್ದವು. ಒಂದು ಉರುಳುತ್ತ ಹೋಗಿ ಅವನ ಚಪ್ಪಲಿಗೆ ತಾಗಿ ನಿಂತಿತು.

"ಏನೋ ಇದು?"

"ಅಕ್ಕನ ಮಗನಿಗೆ... ನಡೆಯೋ ಗಾಡಿ." ಬಾಯಿಯಿಂದ ರಕ್ತ ಹನಿಯುತ್ತಿತ್ತು. "ಶುಕ್ರವಾರ ವರ್ಷ ತುಂಬುತ್ತೆ."

ಯಾರೋ ಹಿಂದಿನಿಂದ ಕಿಸಕ್ಕೆಂದು ನಕ್ಕರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಹೊಡೆದದ್ದು ತಪ್ಪೆಂದು ಹೊಡೆದವನಿಗೆ ಗೊತ್ತಾದ ಮೇಲೆ ಬೀಳುವ ಏಟಿನಷ್ಟು ಜೋರಾದ ಏಟು ಇನ್ನೊಂದಿಲ್ಲ. ಚಿನ್ನಪ್ಪನ ಮುಖ ಕಪ್ಪಿಟ್ಟಿತು. "ನನ್ನ ತಮ್ಮ ಅಲ್ಲಿ ಬಾಯಿ ಬಿಡಕ್ಕಾಗ್ದೆ ಮಲಗವ್ನೆ, ನಿನಗೆ ಗಾಡಿ ಬೇಕಾ? ಗಾಡಿ?" ಎನ್ನುತ್ತ ಪಕ್ಕದವನ ಕೈಯಿಂದ ಕಬ್ಬಿಣದ ಸಲಾಕೆ ಕಸಿದು ಚಕ್ರದ ಮೇಲೆ ಇಳಿಸಿದ. ತೇಗ ಎರಡು ಹೋಳಾಯಿತು. ಸಲಾಕೆ ಇನ್ನೊಂದರ ಮೇಲೆ ಎದ್ದಿತು.

ಉಪೇಂದ್ರ ಯಾವಾಗ ಎದ್ದನೋ ಅವನಿಗೇ ತಿಳಿಯದು. ಕೈಗೆ ಸಿಕ್ಕ ಚಕ್ರದಿಂದ ಚಿನ್ನಪ್ಪನ ಹಣೆಗೆ ಬಾರಿಸಿದ. ಕಾಯಿ ಒಡೆದಂಥ ಸದ್ದಾಯಿತು. ಮತ್ತೊಮ್ಮೆ ಬಾರಿಸಿದ. ಹುಬ್ಬು ಸೀಳಿ ರಕ್ತ ಕಣ್ಣಿಗಿಳಿದು ಚಿನ್ನಪ್ಪ ಕುಕ್ಕರಿಸಿದ. ಮೂರನೆಯ ಸಲ ಕೈ ಎತ್ತಿದಾಗ ಉಳಿದವರು ಹಿಂದೆ ಸರಿದಿದ್ದರು. ತನ್ನನ್ನು ಕಂಡು ಜನ ಹಿಂದೆ ಸರಿಯುವುದನ್ನು ಉಪೇಂದ್ರ ಹುಟ್ಟಿದಾರಭ್ಯ ನೋಡಿರಲಿಲ್ಲ. ಅದು ಹಿತವಾಗಿತ್ತು. ಹಿತವಾಯಿತೆಂದು ಗೊತ್ತಾದದ್ದೇ ತಡ, ಎರಡು ಚಕ್ರ ಬಾಚಿಕೊಂಡು ಓಡಿದ.

ಆ ರಾತ್ರಿ ಕೋಣೆಯಲ್ಲಿ ಮೂರನೆಯ ಚಕ್ರವನ್ನು ಹಲಗೆಯಲ್ಲಿ ಗರಗಸದಿಂದಲೇ ಕೊಯ್ದ. ಅದು ದುಂಡಗೂ ಅಲ್ಲ, ಚೌಕವೂ ಅಲ್ಲ, ಅವನ ಮೂತಿಯ ಹಾಗೆ ಇತ್ತು. ಹೊಡೆದ ಚಕ್ರವನ್ನು ಮರಳು ಕಾಗದದಿಂದ ಎಷ್ಟು ತಿಕ್ಕಿದರೂ ಅಂಚಿನ ಕಪ್ಪುಗೆಂಪು ಹೋಗಲಿಲ್ಲ. ಮರ ಕುಡಿದುಬಿಟ್ಟಿತ್ತು.

ಶುಕ್ರವಾರ ಮಾಕಳಿಯ ನಡುಮನೆಯಲ್ಲಿ ಚಿಕ್ಕಮುನಿಯಮ್ಮ ಗಾಡಿಗೆ ಅರಿಶಿನ ಕುಂಕುಮ ಇಟ್ಟಳು. "ಏನಪ್ಪಾ ಮಕ ಇಂಗಾಗದೆ?"

"ಬಸ್ಸಿಂದ ಬಿದ್ದೆ ಅತ್ತೆ."

"ಬಿದ್ರೂ ಗಾಡಿ ಬುಡ್ನಿಲ್ಲ ನೋಡಿ!" ಮುದುಕಿ ಬಂದವರಿಗೆಲ್ಲ ಕೇಳುವಂತೆ ಹೇಳಿದಳು. "ಸೋದರಮಾವ ಅಂದ್ರೆ ಇಂಗಿರಬೇಕು." ಬಾಗಿಲಲ್ಲಿ ನಿಂತಿದ್ದ ಸೀತಾಲಕ್ಷ್ಮಿಯ ಕತ್ತು ಮದುವೆಯಾದ ಮೇಲೆ ಮೊದಲ ಬಾರಿಗೆ ಅಷ್ಟು ನೆಟ್ಟಗಾಯಿತು.

ಮಗು ಸೀನ ಹಿಡಿ ಹಿಡಿದು ತಳ್ಳಿದ. ಗಾಡಿ ಎಡಕ್ಕೆ ಕುಂಟುತ್ತ ಓಡಿ ಕಂಬಕ್ಕೆ ಬಡಿಯಿತು. ಬಿದ್ದ ಸೀನ ಎದ್ದು ಮತ್ತೆ ತಳ್ಳಿದ. ಎಲ್ಲರೂ ಹೋ ಎಂದರು.

ಊಟಕ್ಕೆ ಬಡಿಸುವಾಗ ಅಕ್ಕ ಬಗ್ಗಿ ಪಿಸುಗುಟ್ಟಿದಳು: "ಆ ಚಕ್ರದ ಮೇಲಿರೋದು ರಕ್ತ. ನಿಂದಾ?"

ಹೂಂ ಅಂದಿದ್ದರೆ ಅತ್ತು ಸುಮ್ಮನಾಗುತ್ತಿದ್ದಳು.

"ನಂದಲ್ಲ ಕಣಕ್ಕ."

ಅವಳು ಸೌಟು ಕೆಳಗಿಟ್ಟಳು. ತಮ್ಮನ ಮುಖವನ್ನು, ಆಮೇಲೆ ಅವನ ಕೈಯನ್ನು ನೋಡಿದಳು. ಸರಸರನೆ ಹೋಗಿ ಮಗುವಿನ ಕೈಯಿಂದ ಗಾಡಿ ಬಿಡಿಸಲು ಹಿಡಿದೆಳೆದಳು. ಸೀನ ಕಿಟಾರನೆ ಕಿರುಚಿ ಅಮ್ಮನ ಕೈ ಕಚ್ಚಿದ.

"ಮಗು ನಡೆಯೋ ಒತ್ನಲ್ಲಿ ಕಿತ್ಕೊಳ್ತೀಯೇನಮ್ಮಿ?" ಚಿಕ್ಕಮುನಿಯಮ್ಮ ಗದರಿದಳು. "ತವರಿಂದ ಬಂದಿರೋದು, ಬುಡು!"

ಸೀತಾಲಕ್ಷ್ಮಿ ಬಿಟ್ಟಳು. ಕಚ್ಚಿದ ಜಾಗವನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತ ಬಂದು, ಉಪೇಂದ್ರನ ಕಡೆ ನೋಡದೆ, ಅವನ ಎಲೆಗೊಂದು ಒಬ್ಬಟ್ಟು ಹಾಕಿ ಮುಂದಿನವರಿಗೆ ಹೋದಳು. ಅವನಿಗೆ ಅಗಿಯಲಾಗಲಿಲ್ಲ, ಹಲ್ಲು ಅಲ್ಲಾಡುತ್ತಿತ್ತು. ಹಾಗೇ ನುಂಗಿದ.