ಹೊನ್ನಮ್ಮನ ಕಾಲು, ಕಮ್ಯುನಿಸ್ಟ್ ಸೊಪ್ಪು

ಗಾಳಿಬೀಡಿನ ಹೊನ್ನಮ್ಮ ಕಾಲಿಗೆ ಹತ್ತಿದ ಉಂಬಳವನ್ನು, ಆ ಕಾಡುಜಿಗಣೆಯನ್ನು, ಕೀಳುತ್ತಿರಲಿಲ್ಲ. ರಕ್ತ ಕುಡಿದು ತಾನಾಗಿ ಉದುರಲಿ ಎಂದು ಬಿಡುತ್ತಿದ್ದಳು. ಆಮೇಲೆ ಜಗಲಿಯಲ್ಲಿ ಕುಳಿತು, ಬಲಗಾಲಿನ ಗಾಯಕ್ಕೆ ಯಾವುದಾದರೊಂದು ಸೊಪ್ಪು ಜಜ್ಜಿ ಒತ್ತುವಳು. ಎಡಗಾಲನ್ನು ಹಾಗೇ ಸೋರಲು ಬಿಡುವಳು. ಎಷ್ಟು ಮೊರ ಅಕ್ಕಿ ಹಸನು ಮಾಡುವಷ್ಟರಲ್ಲಿ ಯಾವ ಕಾಲಿನ ರಕ್ತ ನಿಂತಿತು ಎಂಬುದೇ ಅವಳ ಲೆಕ್ಕ.

1961ರ ಮಳೆಗಾಲದ ಹೊತ್ತಿಗೆ ತುಂಬೆ, ಗರಿಕೆ, ದಾಸವಾಳದ ಎಲೆ ಎಲ್ಲವನ್ನೂ ಒತ್ತಿ ನೋಡಿ ಮುಗಿದಿತ್ತು. ಗೆದ್ದದ್ದು ಬೇಲಿಗಳಲ್ಲಿ ಹೊಸದಾಗಿ ಹಬ್ಬತೊಡಗಿದ್ದ, ಊರವರು ಕಮ್ಯುನಿಸ್ಟ್ ಗಿಡ ಎನ್ನುತ್ತಿದ್ದ ಕಳೆ. ಎಡಗಾಲು ಮೂರು ಮೊರಕ್ಕೂ ನಿಲ್ಲದೆ ಸೋರುತ್ತಿದ್ದರೆ, ಬಲಗಾಲು ಅರ್ಧ ಮೊರಕ್ಕೇ ಒಣಗಿತ್ತು.

"ನಮ್ಗೆ ಇನ್ನೂ ಗಂಜಿ ಇಲ್ಲೆ, ಉಂಬಳಕ್ಕೆ ಮಾತ್ರ ಊಟ ಆತ್," ಎಂದು ಗಂಡ ಕುಟ್ಟಪ್ಪ ಕೆಣಕಿದ.

"ಸುಮ್ನೆ ಇರಿ, ಲೆಕ್ಕ ತಪ್ಪುದು."

ಅದೇ ವಾರ ಮೈದುನ ಪೂವಯ್ಯ ಗದ್ದೆಯ ಕೆಸರಿಗೆ ಗೊಬ್ಬರವಾಗಿ ತುಳಿಯಲು ಸೊಪ್ಪು ಕಡಿಯುವಾಗ ಕತ್ತಿ ಜಾರಿ ಅವನ ಪಾದ ಸೀಳಿತು. ಕೆಸರುಗಾಲಿನಲ್ಲೇ ಹೊತ್ತು ತಂದರು. ಹೊನ್ನಮ್ಮ ತಡಮಾಡದೆ ಕಮ್ಯುನಿಸ್ಟ್ ಸೊಪ್ಪು ಅರೆದು ಗಾಯಕ್ಕೆ ತುಂಬಿ ಬಟ್ಟೆ ಬಿಗಿದಳು. ರಕ್ತ ನಿಂತಿತು.

ನಾಲ್ಕನೆಯ ದಿನ ಪಾದ ಊದಿ ಜ್ವರ ಏರಿತು. ಮಡಿಕೇರಿಯ ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ಬಿಡಿಸಿದಾಗ ಕೀವಿನ ಜೊತೆ ಮಣ್ಣು ಬಂತು. ಎರಡು ದಿನದಲ್ಲಿ ಊತ ಇಳಿಯದಿದ್ದರೆ ಪಾದ ತೆಗೆಯಬೇಕಾದೀತು ಎಂದರು.

ಹೊನ್ನಮ್ಮನಿಗೆ ಅರ್ಥವಾಗಲಿಲ್ಲ. ಅದೇ ಸೊಪ್ಪು ತನ್ನ ಕಾಲಿಗೇಕೆ ಏನೂ ಮಾಡಲಿಲ್ಲ? ಉಂಬಳದ ಕಥೆಯನ್ನೆಲ್ಲ ಹೇಳಿಯೇಬಿಟ್ಟಳು. ಡಾಕ್ಟರು ನಗದೆ ಕೇಳಿಸಿಕೊಂಡರು.

"ಉಂಬಳ ಕಚ್ಚಿದ ತೂತು ಎಷ್ಟಿರುತ್ತಮ್ಮ? ಅದರೊಳಗೆ ಗದ್ದೆಯ ಕೆಸರು ಹೋಗುತ್ತಾ? ಇದನ್ನ ಮೊದಲು ತೊಳೀಬೇಕಿತ್ತು. ನೀವು ನೋಡಿದ್ದು ರಕ್ತ ನಿಲ್ಲೋದನ್ನ. ಗಾಯ ಮಾಯೋದನ್ನ ಅಲ್ಲ."

ಅವಳು ಮನೆಗೆ ಹೋಗಲಿಲ್ಲ. ಪೂವಯ್ಯನಿಗೆ ಬೆಳಿಗ್ಗೆ ಸಂಜೆ ಪೆನಿಸಿಲಿನ್ ಸೂಜಿ. ಗಾಯದ ಬಟ್ಟೆ ಬದಲಿಸುವಾಗಲೆಲ್ಲ ನರ್ಸಿನ ಹೆಗಲ ಮೇಲಿನಿಂದ ಇಣುಕುವಳು. ಎರಡನೆಯ ಸಂಜೆ ಊತ ಇಳಿದು ಕಾಲಿನ ಹರಡಿನ ಉಬ್ಬು ಮತ್ತೆ ಕಾಣಿಸಿತು. ವಾರದಲ್ಲಿ ಗಾಯದೊಳಗೆ ಕೆಂಪು ಮಾಂಸ ತುಂಬತೊಡಗಿತು.

"ಈಗ ಗಾಯ ಚೊಕ್ಕ ಉಟ್ಟಲ್ಲ ಡಾಕ್ಟ್ರೇ. ಈ ತುದಿಗೆ ಮಾತ್ರ ಸೊಪ್ಪಿನ ರಸ ಹಚ್ಚಿ ನೋಡ್ಲಾ?"

ಪೂವಯ್ಯ ಕಾಲನ್ನು ಹಿಂದಕ್ಕೆಳೆದುಕೊಂಡ. "ಅತ್ತಿಗೆ, ಅರ್ಧ ಡಾಕ್ಟ್ರಿಗೆ, ಅರ್ಧ ನಿಂಗೆ ಅಂತ ಪಾಲು ಮಾಡ್ಬೇಡ. ಪೂರ್ತಿ ನಂಗೇ ಇರಲಿ!"

ಡಾಕ್ಟರು ನಕ್ಕರು, ಒಪ್ಪಿಗೆ ಕೊಡಲಿಲ್ಲ.

ಮೂರನೆಯ ವಾರ ಪೂವಯ್ಯ ಆಸ್ಪತ್ರೆಯ ಮೆಟ್ಟಿಲನ್ನು ತಾನೇ ಇಳಿದ. ಗಾಯ ಕೂಡಿತ್ತು. ಅದು ಅಂಚಿನಿಂದ ಕೂಡಿತೋ ತಳದಿಂದಲೋ ಎಂದು ಹೊನ್ನಮ್ಮ ಬಸ್ಸು ಬರುವವರೆಗೂ ಬಗ್ಗಿ ನೋಡುತ್ತಲೇ ಇದ್ದಳು.