ಗಂಗವ್ವನ ಮರಿಯ ಕಣ್ಣುರೆಪ್ಪೆ

1996ರಲ್ಲಿ ನಾನು ಪೀಣ್ಯದ ಅಂಚಿನ ಪಶು ಚಿಕಿತ್ಸಾಲಯದಲ್ಲಿ ವೈದ್ಯಾಧಿಕಾರಿಯಾಗಿದ್ದೆ. ಎಂಟಕ್ಕೆ ಬಾಗಿಲು ತೆರೆದು, ಎಂಟೂಕಾಲಿಗೆ ಉಪಕರಣಗಳನ್ನು ಕುದಿಯಲು ಇಡುವುದು ನನ್ನ ಕ್ರಮ. ಒಂದು ಬೆಳಿಗ್ಗೆ, ಆ ನೀರು ಕುದಿ ಬರುವ ಮೊದಲೇ, ಬಾಗಲಗುಂಟೆಯ ವಠಾರದ ಗಂಗವ್ವ ಸೆರಗಿನಲ್ಲಿ ಮೇಕೆಮರಿಯನ್ನು ಸುತ್ತಿಕೊಂಡು ಬಂದಳು. ಗದಗದ ಕಡೆಯವಳು, ಗಂಡನಿಗೆ ಫೌಂಡ್ರಿಯಲ್ಲಿ ರಾತ್ರಿ ಪಾಳಿ. ವಾರದ ಮರಿಯ ಎರಡೂ ಕಣ್ಣುಗಳಿಂದ ನೀರು ಸುರಿಯುತ್ತಿತ್ತು.

“ಕುರುಡಾದ್ರ ಐತವಾರ ಕಟುಕಗ ಕೊಡ್ತೀನಿ ಅಂತಾನ್ರಿ ನನ ಗಂಡ. ಹೆಣ್ಣಮರಿ ಐತ್ರಿ ಸಾಹೇಬ್ರ, ಹೆಂಗರ ಮಾಡಿ ಉಳಿಸ್ರಿ.”

ಕೆಳರೆಪ್ಪೆಯ ಅಂಚು ಒಳಕ್ಕೆ ಮಡಚಿಕೊಂಡು, ಅದರ ರೋಮಗಳು ಕಣ್ಣುಗುಡ್ಡೆಯನ್ನು ಉಜ್ಜುತ್ತಿದ್ದವು. ಇದನ್ನು ಎಂಟ್ರೋಪಿಯನ್ ಎನ್ನುತ್ತೇವೆ. ಹುಟ್ಟಿನಿಂದ ಬರುವ ದೋಷ. ಹಾಗೇ ಬಿಟ್ಟರೆ ಕಣ್ಣು ಬೆಳ್ಳಗಾಗಿ ಹೋಗುತ್ತದೆ. ಲೋಕಲ್ ಅನಸ್ತೇಸಿಯಾ ಕೊಟ್ಟು, ರೆಪ್ಪೆಯ ಕೆಳಗಿನ ಚರ್ಮದಲ್ಲಿ ದೋಣಿಯಾಕಾರದ ಸಣ್ಣ ಪಟ್ಟಿಯೊಂದನ್ನು ಕತ್ತರಿಸಿ ತೆಗೆದು ಹೊಲಿದೆ. ಚರ್ಮ ಬಿಗಿಯಾಗಿ ರೆಪ್ಪೆ ಹೊರಕ್ಕೆ ತಿರುಗಿತು. ಎರಡೂ ಕಡೆ ಹೀಗೇ ಮಾಡಿ, ಮುಲಾಮು ಕೊಟ್ಟು, ಧೂಳು ತಾಕಿಸಬೇಡ, ತಾಯಿಮೇಕೆ ಹೊಲಿಗೆ ನೆಕ್ಕದಂತೆ ನೋಡಿಕೋ ಎಂದು ಹೇಳಿ ಕಳುಹಿಸಿದೆ.

ಮೂರನೆಯ ದಿನ ಗಂಗವ್ವ ಓಡಿ ಬಂದಳು. “ಮತ್ತ ನೀರ ಸುರಿಯಾಕ ಹತ್ತೇತ್ರಿ! ನಿಮ್ಮ ಹೊಲಗೀದ ತಪ್ಪು!”

ಕಾಂಪೌಂಡರ್ ಮುನಿಯಪ್ಪನನ್ನು ಕರೆದುಕೊಂಡು ಹೊರಟೆ. ಅವಳ ಕೋಣೆಯಲ್ಲಿ ಗಂಡ ಮರಿಯನ್ನು ಹಿಡಿದು ನಿಂತಿದ್ದ. “ಆಪರೇಷನ್ ಕೆಟ್ಟೈತಿ, ಕಟುಕನ್ನ ಕರಿತೀನಿ,” ಎಂದ. ಟಾರ್ಚ್ ಹಾಕಿ ನೋಡಿದೆ. ಹೊಲಿಗೆ ಗಟ್ಟಿ, ರೆಪ್ಪೆ ಸರಿಯಾಗಿದೆ, ಕಣ್ಣು ತಿಳಿಯಾಗಿದೆ, ಆದರೂ ನೀರು. ಮತ್ತೊಮ್ಮೆ ಬಗ್ಗಿದವನು ಜೋರಾಗಿ ಸೀನಿದೆ. ಮುನಿಯಪ್ಪನೂ ಸೀನಿದ. ಬಾಗಿಲಲ್ಲಿ ವಠಾರದ ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತಿದ್ದರು.

“ಸಾರ್, ನನ್ ಕಣ್ಣಲ್ಲೂ ನೀರ್ ಬತ್ತೈತೆ. ನಂಗೂ ಎಲ್ಡ್ ಹೊಲ್ಗೆ ಹಾಕ್ಬುಡಿ,” ಎಂದ ಮುನಿಯಪ್ಪ.

“ಏನಮ್ಮ ಸುಟ್ಟಿದ್ದು?” ಎಂದು ಗಂಗವ್ವನನ್ನು ಕೇಳಿದೆ.

“ದೃಷ್ಟಿ ತಗದೀನ್ರಿ. ಆಪರೇಷನ್ ಮರಿ ಅಂತ ಇಡೀ ಓಣಿ ಬಂದು ನೋಡಿ ಹೋತು. ಊರಿನ ಬ್ಯಾಡಗಿ ಮುಗಿದಿತ್ತು, ಅಂಗಡ್ಯಾಗಿನ ಗುಂಟೂರು ಮೆಣಸಿನಕಾಯಿ ನಿವಾಳಿಸಿ ಒಲಿಗೆ ಹಾಕಿದೆ.”

“ಖಾತ್ರಿಗೆ ಇರ್ಲಿ ಅಂತ ಆಕಿ ನಿಮ್ಮ ಕಡೆ ಬಂದ ಮ್ಯಾಲ ನಾನೂ ಒಂದು ಮುಷ್ಟಿ ಹಾಕೀನಿ,” ಎಂದ ಗಂಡ.

“ದೃಷ್ಟಿ ಆಗಿದ್ರ ಘಾಟ ಬರಬಾರದು. ಘಾಟ ಬಂತು. ಅಂದ್ರ ದೃಷ್ಟಿ ಆಗಿಲ್ಲ,” ಎಂದು ಗಂಗವ್ವ ಬೆರಳು ಮಡಚಿದಳು. “ಮತ್ತ ಈ ನೀರ ಎಲ್ಲಿಂದ ಬಂತು? ನಿಮ್ಮ ಹೊಲಗೀಂದ!”

ಕಾಲೇಜಿನ ಯಾವ ಪರೀಕ್ಷಕರೂ ನನ್ನನ್ನು ಇಷ್ಟು ಕ್ರಮಬದ್ಧವಾಗಿ ಮೂಲೆಗೆ ತಳ್ಳಿರಲಿಲ್ಲ. ಮರಿಯನ್ನು ಎತ್ತಿಕೊಂಡು ಬೀದಿಗೆ ಬಂದು, ಸಲೈನ್‌ನಿಂದ ಕಣ್ಣು ತೊಳೆದು, ಗಾಳಿಗೆ ನಿಂತೆ. ಗಂಡಹೆಂಡಿರೂ ಬಂದು ಪಕ್ಕದಲ್ಲಿ ನಿಂತರು. ಸ್ವಲ್ಪ ಹೊತ್ತಿಗೆ ಮರಿಯ ಕಣ್ಣು ಒಣಗಿತು, ಗಂಗವ್ವನದೂ. ಗಂಡ ಕಟುಕನ ಮಾತು ಮತ್ತೆ ಎತ್ತಲಿಲ್ಲ.

ಹೊಲಿಗೆ ಬಿಚ್ಚುವ ದಿನ ಮರಿ ನನ್ನ ಕತ್ತರಿಯನ್ನು ದೂರದಿಂದಲೇ ಕಂಡು ಮೇಜಿನ ಕೆಳಗೆ ನುಗ್ಗಿತು. ಅದಕ್ಕಿಂತ ಒಳ್ಳೆಯ ಕಣ್ಣಿನ ಪರೀಕ್ಷೆ ಬೇಕಿರಲಿಲ್ಲ.

ಆ ಮೇಲೆ ನಿವೃತ್ತನಾಗುವವರೆಗೂ ಆಪರೇಷನ್ ಆದ ಪ್ರತಿ ಮರಿಯ ಮನೆಯವರಿಗೆ ಧೂಳು, ಮುಲಾಮಿನ ಜೊತೆ ಇನ್ನೊಂದು ಮಾತು ಹೇಳುತ್ತಿದ್ದೆ: “ದೃಷ್ಟಿ ತೆಗೆಯುವುದಿದ್ದರೆ ಮೆಣಸಿನಕಾಯಿಯನ್ನು ಬೀದಿಯಲ್ಲಿ ಸುಡಿ, ಮರಿ ಒಳಗಿರಲಿ.” ಸುಡಲೇಬೇಡಿ ಎಂದು ಮಾತ್ರ ಯಾರಿಗೂ ಹೇಳಲಿಲ್ಲ. ಹಾಗೆಂದರೆ ಜನ ಬಾಗಿಲು ಮುಚ್ಚಿಕೊಂಡು ಸುಡುತ್ತಾರೆ.